ಮುರಿದಾಗ ಸದ್ದು ಬಾರದ ಅರಿಶಿನ

ಮಾರ್ಚ್ ಮೊದಲ ವಾರದ ಒಂದು ಬುಧವಾರ ಬೆಳಿಗ್ಗೆ ಮೈಸೂರಿನಲ್ಲಿ ಚಾಮರಾಜನಗರದ ರೈಲು ಹತ್ತಿದೆ. ಟಿಕೆಟ್ ಇಪ್ಪತ್ತು ರೂಪಾಯಿ. ಬಸ್ಸಿನಲ್ಲಾದರೆ ಹೆಂಗಸರಿಗೆ ಅದೂ ಇಲ್ಲ. ಆದರೆ ಪುಕ್ಕಟೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಹೋಗುವ ವಯಸ್ಸು ನನ್ನದಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಇಪ್ಪತ್ತೊಂಬತ್ತು ವರ್ಷ ಮೆಷಿನ್ ಡ್ರಾಯಿಂಗ್ ಕಲಿಸಿ ಹೋದ ವರ್ಷ ನಿವೃತ್ತಳಾದವಳು ನಾನು. ಮೊಣಕಾಲು ಎರಡೂ ಸವೆದಿವೆ, ನಾಲಿಗೆ ಮಾತ್ರ ಹೊಸದರಂತಿದೆ ಎಂದು ನಮ್ಮ ಯಜಮಾನರು ಹೇಳುತ್ತಿರುತ್ತಾರೆ.

ಹೊರಟದ್ದು ಸಿದ್ದರಾಜುವಿಗಾಗಿ. ನನ್ನ ಹಳೆಯ ವಿದ್ಯಾರ್ಥಿ, ಈಗ ನಲವತ್ತರ ಹತ್ತಿರ. ಉಡಿಗಾಲದಲ್ಲಿ ವೆಲ್ಡಿಂಗ್ ಶಾಪು ಇಟ್ಟುಕೊಂಡು ಗೇಟು, ಗ್ರಿಲ್ಲು ಮಾಡುತ್ತಾನೆ. ಎರಡು ವರ್ಷದ ಹಿಂದೆ ನಮ್ಮ ಮನೆಗೆ ಒಂದು ಡ್ರಾಯಿಂಗ್ ಹಿಡಿದುಕೊಂಡು ಬಂದಿದ್ದ. ಅವನ ಸೀಮೆಯಲ್ಲಿ ಅರಿಶಿನ ಕಿತ್ತ ಮೇಲೆ ದೊಡ್ಡ ಕೊಪ್ಪರಿಗೆಯಲ್ಲಿ ಬೇಯಿಸಿ, ಎರಡು ವಾರ ಬಿಸಿಲಿಗೆ ಹರವಿ, ಆಮೇಲೆ ಉಜ್ಜಿ ಹೊಳಪು ಮಾಡಿ ಮಾರುತ್ತಾರೆ. ಬೇಯಿಸಲು ಗಾಡಿಗಟ್ಟಲೆ ಸೌದೆ ಬೇಕು. ಕಡಿಮೆ ಸೌದೆಯಲ್ಲಿ ಬೇಯುವ ಕೊಪ್ಪರಿಗೆಯೊಂದನ್ನು ಅವನು ಬರೆದಿದ್ದ. ಚೆನ್ನಾಗಿಯೇ ಇತ್ತು. ನಾನು ಸುಮ್ಮನಿರಬಹುದಿತ್ತು. "ಬೇಯಿಸೋದೇ ಯಾಕಯ್ಯಾ? ಹಸಿಯಾಗಿರುವಾಗಲೇ ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಒಣಗಿಸಿದರೆ ನಾಲ್ಕು ದಿನದ ಕೆಲಸ. ಸೌದೆಯೂ ಬೇಡ, ಹೊಗೆಯೂ ಬೇಡ" ಎಂದೆ. ಮೇಜಿನ ಮೇಲಿದ್ದ ಯಾರದೋ ಮದುವೆ ಕಾಗದದ ಹಿಂಭಾಗದಲ್ಲಿ ತಿರುಗುವ ತಟ್ಟೆ, ಅದಕ್ಕೆ ನಾಲ್ಕು ಬ್ಲೇಡು, ಕೆಳಗೊಂದು ಜಾರುಹಲಗೆ ಗೀಚಿ ತೋರಿಸಿದೆ. ಅವನ ಕಣ್ಣು ಅರಳಿದ್ದು ಕಂಡು ನನಗೂ ಹೆಮ್ಮೆಯಾಯಿತು. ಕೊಪ್ಪರಿಗೆಯ ಡ್ರಾಯಿಂಗನ್ನು ಅವನು ನಮ್ಮ ಮನೆಯಲ್ಲೇ ಬಿಟ್ಟು ಹೋದ.

ಈ ವರ್ಷ ಯಂತ್ರ ತಯಾರಾಗಿತ್ತು. ಅದರ ಬಾಯಿಗೆ ಮೊದಲು ಬಿದ್ದ ಬೆಳೆ ಗುಂಡ್ಲುಪೇಟೆಯ ಆಚೆ ಕಾಡಂಚಿನಲ್ಲಿರುವ ಅವನ ಸೋದರತ್ತೆ ಗೌರಮ್ಮನದು, ಹನ್ನೊಂದು ಚೀಲ ಒಣ ಬಿಲ್ಲೆ. ಅದನ್ನು ನೋಡಲು ಗುಂಡ್ಲುಪೇಟೆಯ ಒಬ್ಬ ವರ್ತಕರು ಗುರುವಾರ ಒಪ್ಪಿದ್ದರು. ಅವರು ಕೊಂಡರೆ ಉಳಿದ ರೈತರೂ ಯಂತ್ರ ಕೇಳುತ್ತಾರೆ, ಇಲ್ಲವಾದರೆ ಗೌರಮ್ಮನ ವರ್ಷದ ಬೆಳೆ ಅವಳ ಜಗಲಿಯಲ್ಲೇ ಕೂರುತ್ತದೆ. "ನೀವು ಪಕ್ಕದಲ್ಲಿ ಕುಂತಿದ್ರ ಸಾಕು ಮೇಡಂ, ನಂಬ್ತಾರ" ಎಂದು ಫೋನಿನಲ್ಲಿ ಹೇಳಿದ್ದ. ಬುಧವಾರ ಚಾಮರಾಜನಗರದ ಕಚೇರಿಯೊಂದರಲ್ಲೂ ಕೆಲಸವಿತ್ತು. ಹಾಗಾಗಿ ಎರಡು ದಿನದ ಪ್ರಯಾಣ.

ನಂಜನಗೂಡಿನ ಸೇತುವೆಯ ಕೆಳಗೆ ಕಪಿಲೆ ತೆಳ್ಳಗಾಗಿದ್ದಳು. ಮುಂದೆ ಎರಡೂ ಕಡೆ ಉತ್ತ ಕೆಂಪು ನೆಲ, ಅಲ್ಲಲ್ಲಿ ಬಾಳೆ, ಬಿಸಿಲಿಗೆ ಬೆಳ್ಳಗಾದ ಆಕಾಶ. ಎದುರು ಸೀಟಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಎಲ್ಲಿಗೆ, ಯಾಕೆ ಎಂದು ವಿಚಾರಿಸಿದರು. ಅರಿಶಿನದ ಯಂತ್ರ ನೋಡಲು ಎಂದೆ.

"ಅರಿಸಿನದ ಮಿಷನ್ನಾ? ಅದ್ಕ ಈರೋಡಿಗ ಓಗ್ಬೇಕು ಕಣಮ್ಮ. ಇಲ್ಲಿ ಯಾರ ಮಾಡಾರು?"

"ಉಡಿಗಾಲದ ಹುಡುಗ ಮಾಡಿದ್ದಾನೆ."

"ಉಡಿಗಾಲ್ದವ್ನಾ?" ಎಂದು ನಕ್ಕು ಕಿಟಕಿಯ ಕಡೆ ತಿರುಗಿಕೊಂಡರು. ಅವರ ನಗುವಿನಲ್ಲಿ ಕೆಡುಕಿರಲಿಲ್ಲ, ಆದರೆ ನನಗೆ ಮೈ ಉರಿಯಿತು.

ನಿಲ್ದಾಣದಲ್ಲಿ ಸಿದ್ದರಾಜು ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ನಿಂತಿದ್ದ. ಎರಡೂ ಕೈಯ ಉಗುರುಗಳು ಹಳದಿ. ಆಟೋಗೆ ಅರವತ್ತು ಕೊಟ್ಟು ಕಚೇರಿಗೆ ಹೋದೆವು. ಯಾವ ಕಚೇರಿ ಎಂದು ಬರೆಯುವುದಿಲ್ಲ, ಅಲ್ಲಿದ್ದ ಹೆಣ್ಣುಮಗಳಿಗೆ ನನ್ನಿಂದ ತೊಂದರೆಯಾಗಬಾರದು. ಆಕೆ ಒಳ್ಳೆಯವಳು. ನಮ್ಮನ್ನು ಕೂರಿಸಿ, ಫ್ಯಾನು ನಮ್ಮ ಕಡೆ ತಿರುಗಿಸಿ, ಕಂಪ್ಯೂಟರಿನಲ್ಲಿ ಸಿದ್ದರಾಜುವಿನ ಅರ್ಜಿ ತೆಗೆದಳು.

"ಆಲೂಗಡ್ಡೆ ಚಿಪ್ಸ್ ತಯಾರಿಕೆ ಅಂತ ಇದೆಯಲ್ಲ ಸರ್?"

ಸಿದ್ದರಾಜು ತಲೆ ಕೆರೆದುಕೊಂಡ. ಸಣ್ಣ ಉದ್ಯಮಗಳಿಗೆ ಸಹಾಯಧನದ ಅರ್ಜಿ ಅದು. ಆನ್‌ಲೈನಿನಲ್ಲಿ ಯಂತ್ರದ ಹೆಸರನ್ನು ನಾವೇ ಬರೆಯುವ ಹಾಗಿಲ್ಲ, ಅವರು ಕೊಟ್ಟ ಪಟ್ಟಿಯಿಂದ ಒಂದನ್ನು ಒತ್ತಬೇಕು. ಪಟ್ಟಿಯಲ್ಲಿ ಅರಿಶಿನ ಬೇಯಿಸುವ ಯಂತ್ರ ಇತ್ತು, ಹೊಳಪು ಮಾಡುವ ಯಂತ್ರ ಇತ್ತು, ಹೆಚ್ಚುವ ಯಂತ್ರ ಇರಲಿಲ್ಲ. ಹೆಚ್ಚುವುದು ಅಂತ ಇದ್ದದ್ದು ಆಲೂಗಡ್ಡೆಗೆ ಮಾತ್ರ. ಪಾಪ, ಅವನು ಅದನ್ನೇ ಒತ್ತಿದ. ಎರಡು ತಿಂಗಳು ಬಿಟ್ಟು ತಪಾಸಣೆಗೆ ಬಂದವರು ಶಾಪಿನ ತುಂಬ ಹುಡುಕಿ, ಆಲೂಗಡ್ಡೆ ಕಾಣಲಿಲ್ಲ ಎಂದು ವರದಿ ಬರೆದುಕೊಂಡು ಹೋಗಿದ್ದರು.

ನನಗೆ ಜೋರಾಗಿ ನಗು ಬಂತು. ಆಕೆಯೂ ನಕ್ಕಳು. ಸಿದ್ದರಾಜು ನಗಲಿಲ್ಲ.

"ಪಟ್ಟಿಗೆ ಇನ್ನೊಂದು ಹೆಸರು ಸೇರಿಸೋದಕ್ಕೆ ಆಗಲ್ವೇನಮ್ಮ?" ಎಂದೆ.

"ಅದು ಬೆಂಗಳೂರಲ್ಲಿ ಮಾಡೋದು ಮೇಡಂ. ನಾವು ಕಳಿಸ್ಬಹುದು. ಆದ್ರೆ ಹೊಸ ಯಂತ್ರ ಅಂದ್ರೆ ಪರೀಕ್ಷೆ ಮಾಡ್ಸಿರೋ ಸರ್ಟಿಫಿಕೇಟ್ ಕೇಳ್ತಾರೆ. ಅದಕ್ಕೆ ಯಂತ್ರಾನೇ ಲಾರಿಲಿ ತಗೊಂಡ್ ಹೋಗ್ಬೇಕು. ಒಂದು ಕೆಲಸ ಮಾಡಿ ಸರ್, ಬೇಯಿಸೋ ಯಂತ್ರ ಅಂತ ಬದಲಾಯಿಸಿ. ನಮ್ಮ ಪಟ್ಟಿಲಿರೋ ಕಂಪನಿಯಿಂದ ಕೊಂಡ್ಕೊಂಡ್ರೆ ನಾಳೇನೇ ಆಗುತ್ತೆ."

"ನಾನ್ ಕೊಂಡ್ಕಳಕ್ ಬಂದಿಲ್ಲ ಮೇಡಂ, ಮಾಡಕ್ ಬಂದಿವ್ನಿ" ಎಂದ ಸಿದ್ದರಾಜು. ಅವನ ದನಿ ತಗ್ಗಿತ್ತು. ಆಕೆ ಪರದೆಯ ಕಡೆ ತಿರುಗಿದಳು.

ಹೊರಗೆ ಬೇವಿನ ಮರದಡಿಯ ಪೆಟ್ಟಿಗೆ ಅಂಗಡಿಯಲ್ಲಿ ಟೀ ಕುಡಿಯುವಾಗ ಬ್ಯಾಂಕಿನ ಕಥೆ ಹೇಳಿದ. ಸಾಲಕ್ಕೆ ಹೋದರೆ ಯಂತ್ರ ಮಾರುವವರ ಕೊಟೇಶನ್ ತನ್ನಿ ಎಂದರಂತೆ. ಮಾಡುವವನೂ ನಾನೇ, ಇಟ್ಟುಕೊಳ್ಳುವವನೂ ನಾನೇ ಎಂದರೆ, ನಿಮಗೆ ನೀವೇ ಕೊಟೇಶನ್ ಕೊಟ್ಟುಕೊಳ್ಳುವ ಹಾಗಿಲ್ಲ ಎಂದರಂತೆ. ಹೋಗಲಿ, ಮಾಲು ಕೊಳ್ಳುವವರಿಂದ ಒಂದು ಪತ್ರವಾದರೂ ತನ್ನಿ ಎಂದರಂತೆ. "ಅದ್ಕೇ ಮೇಡಂ ನಾಳೀಕ ಗುಂಡ್ಲುಪೇಟೆ. ಅವ್ರು ಊ ಅಂದ್ರ ಎಲ್ಲಾ ಸರೋಯ್ತದ" ಎಂದು ಗ್ಲಾಸು ಕೆಳಗಿಟ್ಟ. ಟೀ ಹತ್ತು ರೂಪಾಯಿ, ಸಕ್ಕರೆ ಜಾಸ್ತಿ.

ಉಡಿಗಾಲಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಕಂಡಕ್ಟರ್ ನನಗೆ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟರು. ರಸ್ತೆಯ ಪಕ್ಕದಲ್ಲೇ ಸಿದ್ದರಾಜುವಿನ ಶಾಪು, ಮೇಲೆ ತಗಡು, ಒಳಗೆ ಒಲೆಯ ಮುಂದೆ ಕೂತಂತೆ ಸೆಕೆ. ಮೂಲೆಯಲ್ಲಿ ನನ್ನ ಗೀಚು ಕಬ್ಬಿಣವಾಗಿ ನಿಂತಿತ್ತು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಕಾಲೇಜಿನ ವರ್ಕ್‌ಶಾಪಿನಲ್ಲೂ ಕಂಡಿಲ್ಲ. ಬ್ಲೇಡುಗಳನ್ನು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಕಡಿದು ಸಾಣೆ ಹಿಡಿದಿದ್ದ. ಕೈ ಸಿಕ್ಕಿಕೊಳ್ಳದ ಹಾಗೆ ಬಾಯಿಗೆ ಜಾಲರಿ. ಮೂರು ಎಚ್‌ಪಿ ಮೋಟಾರು ಮಾತ್ರ ಹೊಸದು, ಅದಕ್ಕೆ ಹೆಂಡತಿಯ ಬಳೆ ಹೋಗಿತ್ತು ಎಂದು ಆಮೇಲೆ ತಿಳಿಯಿತು. ಓಡಿಸಿ ತೋರಿಸು ಎಂದೆ. ಮೂರು ಫೇಸ್ ಕರೆಂಟು ಬರುವುದು ಸಂಜೆ ನಾಲ್ಕಕ್ಕೆ ಎಂದ. ನಾಲ್ಕು ದಾಟಿದ ಮೇಲೆ ಬಂತು. ಒಂದು ಬುಟ್ಟಿ ಹಸಿ ಅರಿಶಿನ ಸುರಿದ. ಮಾತಾಡಿ ಮುಗಿಸುವುದರೊಳಗೆ ಬಿಲ್ಲೆಗಳು ಜಾರಿ ಬಂದು ಕೆಳಗಿನ ಟಾರ್ಪಾಲು ಹಳದಿಯಾಯಿತು. ಒಂದೊಂದೂ ಒಂದೇ ದಪ್ಪ.

ಅವನ ತಂದೆ ಮಾದಪ್ಪ ಬಾಗಿಲಲ್ಲಿ ಕುಳಿತು ಬೀಡಿ ಸೇದುತ್ತಿದ್ದರು. ಹಿಂದೆ ಗಾಡಿಯ ಚಕ್ರಕ್ಕೆ ಪಟ್ಟಿ ಹಾಕುತ್ತಿದ್ದವರು.

"ಕೆಲ್ಸ ಚಂದಾಗದ ಮೇಡಮ್ನೋರೆ, ನಾ ಇಲ್ಲ ಅನ್ನಕಿಲ್ಲ" ಎಂದರು. "ಆದ್ರ ಗೇಟು ಬೇಕು ಅಂತ ಜನ ಮನೆ ತಾವ್ಕ ಬತ್ತಾರ. ಇದು ಬೇಕು ಅಂತ ಒಬ್ಬ ಬಂದಿಲ್ಲ. ಇವುನೇ ಮನೆ ಮನೆಗೂ ಓಗಿ ಯೋಳ್ದ. ಎಲ್ಲಾ ಏನಂದ್ರು ಗೊತ್ತಾ? ಮೊದ್ಲು ಯಾರಾರ ಮಾಡ್ಲಿ, ಆಮೇಕ ನೋಡನ ಅಂದ್ರು."

"ಅತ್ತೆ ಮಾಡುದ್ಲಲ್ಲಪ್ಪ" ಎಂದ ಸಿದ್ದರಾಜು.

"ಅವ್ಳು ನಿನ್ ಮೊಕ ನೋಡಿ ಮಾಡುದ್ಲು ಕಣ್ಲಾ, ಮಿಷನ್ ನೋಡಿ ಅಲ್ಲ."

ಎರಡನೆಯವರಾಗಲು ಊರೆಲ್ಲ ತಯಾರಾಗಿ ಕುಳಿತಿತ್ತು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅರಿಶಿನ ಒಂಬತ್ತು ತಿಂಗಳ ಬೆಳೆ, ಒಂದು ಸಲ ಕೈಕೊಟ್ಟರೆ ವರ್ಷ ಹೋಯಿತು. ನನ್ನ ಪಿಂಚಣಿಯಾದರೋ ಒಂದನೇ ತಾರೀಕು ಬಂದು ಬೀಳುತ್ತದೆ. ರಾತ್ರಿ ಅವರ ಮನೆಯಲ್ಲಿ ರಾಗಿಮುದ್ದೆ, ಬೆರಕೆ ಸೊಪ್ಪಿನ ಸಾರು ಉಂಡು ಬೇಗ ಮಲಗಿದೆ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಬಸ್ಸು. ಒಂದು ಚೀಲ ಬಿಲ್ಲೆ ನಮ್ಮ ಜೊತೆ, ಮಿಕ್ಕ ಹತ್ತು ಗೌರಮ್ಮನ ಮನೆಯಲ್ಲೇ ಇದ್ದವು. ತೆರಕಣಾಂಬಿಯಲ್ಲಿ ತರಕಾರಿ ತುಂಬಿದ ಕೇರಳದ ಲಾರಿಗಳು ರಸ್ತೆಗೆ ಅಡ್ಡ ನಿಂತು ಇಪ್ಪತ್ತು ನಿಮಿಷ ತಿಂದವು. ಗುಂಡ್ಲುಪೇಟೆ ಸೇರುವಷ್ಟರಲ್ಲಿ ಬಿಸಿಲು ಏರಿತ್ತು. ಊಟಿ ಕಡೆ ಹೋಗುವ ಕಾರುಗಳು ಸಾಲುಗಟ್ಟಿದ್ದವು. ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಇಡ್ಲಿ ತಿಂದೆವು, ಅಂದರೆ ನಾನು ತಿಂದೆ. ಸಿದ್ದರಾಜು ಚೀಲದ ಬಾಯಿ ಬಿಚ್ಚಿ, ಮೇಲಿದ್ದ ಎರಡು ಮುಕ್ಕಾದ ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಂಡು, ಮತ್ತೆ ಕಟ್ಟಿದ.

ವರ್ತಕ ನಂಜಪ್ಪನವರಿಗೆ ಎಪ್ಪತ್ತು ದಾಟಿದೆ. ಹಣೆಯ ತುಂಬ ವಿಭೂತಿ, ಬಿಳಿ ಪಂಚೆ, ಮೃದುವಾದ ಮಾತು. ಅಂಗಡಿಗೆ ಹಿಂದೆಯೇ ಗೋಡೌನು. ಒಳಗೆಲ್ಲ ಅರಿಶಿನದ ಘಾಟು.

"ಬನ್ನಿ ಮೇಡಂ, ಕುಂತ್ಕಳಿ. ನೀನು ಮಾದಪ್ಪನ ಮಗ ಅಲ್ವಲಾ? ನಿಮ್ಮಪ್ಪ ಮಾಡ್ಕೊಟ್ಟ ಬಾಗ್ಲು ಇನ್ನೂ ಅದ ಕಣ್ಲಾ ನಮ್ ಗೋಡೌನ್‌ಗ" ಎಂದು ನಮಗೆ ಮಜ್ಜಿಗೆ ತರಿಸಿದರು.

ನಾನು ಸೀರೆಯ ಸೆರಗು ಸರಿಮಾಡಿಕೊಂಡು ಪಾಠ ಶುರು ಮಾಡಿದೆ. ಸೌದೆ ಎಷ್ಟು ಉಳಿಯುತ್ತದೆ, ಎಷ್ಟು ಬೇಗ ಒಣಗುತ್ತದೆ, ಬಣ್ಣ ಹೇಗೆ ಉಳಿಯುತ್ತದೆ ಎಲ್ಲ ಹೇಳಿದೆ. ಮೈಸೂರಿನ ಪ್ರಯೋಗಾಲಯದಲ್ಲಿ ನಾನೇ ಮಾಡಿಸಿದ್ದ ವರದಿಯನ್ನೂ ಮುಂದಿಟ್ಟೆ. ಅವರು ಒಂದು ಸಲವೂ ಅಡ್ಡ ಮಾತಾಡದೆ ಕೇಳಿದರು. ಆಮೇಲೆ ಚೀಲದಿಂದ ಒಂದು ಬಿಲ್ಲೆ ತೆಗೆದು, ಬೆಳಕಿಗೆ ಹಿಡಿದು, "ಬಣ್ಣ ಬಂಗಾರದಂಗದ" ಎಂದರು. ಸಿದ್ದರಾಜು ನನ್ನ ಕಡೆ ನೋಡಿದ. ನಂಜಪ್ಪನವರು ಬಿಲ್ಲೆಯನ್ನು ಕಿವಿಯ ಹತ್ತಿರ ತಂದು ಎರಡು ಬೆರಳಲ್ಲಿ ಮುರಿದರು. ಪುಡಿಯಾಗಿ ಪಂಚೆಯ ಮೇಲೆ ಉದುರಿತು. ಇನ್ನೊಂದು ತೆಗೆದು ಮುರಿದರು. ಅದೂ ಹಾಗೆಯೇ.

"ಇದ್ರಲ್ಲಿ ನಾನೇನ ಕೇಳ್ಲಿ ಮೇಡಂ?"

ನನಗೆ ಅರ್ಥವಾಗಲಿಲ್ಲ. ಅವರು ಪಕ್ಕದ ರಾಶಿಯಿಂದ ಒಂದು ಅರಿಶಿನದ ಕೊಂಬು ತೆಗೆದುಕೊಂಡರು, ಬೇಯಿಸಿ ಒಣಗಿಸಿದ ಇಡೀ ಕೊಂಬು. ಕಿವಿಯ ಹತ್ತಿರ ಹಿಡಿದು ಮುರಿದರು. ಟಣ್ ಎಂದಿತು.

"ಈ ಸದ್ದು ಬಂದ್ರ ಸರ್ಯಾಗಿ ಬೆಂದದ, ಸರ್ಯಾಗಿ ಒಣಗದ, ಒಳಗ ಉಳ ಬಿದ್ದಿಲ್ಲ ಅಂತ. ಸದ್ದು ಮಂಕಾದ್ರ ರೇಟು ಇಳೀತದ. ನಮ್ಮಪ್ಪನಿಗ ಕೊನೇಗ ಕಣ್ಣೇ ಕಾಣ್ತಿರ್ನಿಲ್ಲ, ಆದ್ರೂ ಸಾಯೋಗಂಟ ಯಾಪಾರ ಮಾಡ್ದ, ಬರೀ ಕಿವೀಲಿ. ನಾನು ಮುರೀತೀನಿ, ನನ್ ತಾವ್ ಕೊಂಡ್ಕಳೋನು ಈರೋಡ್ ಮಂಡೀಲಿ ಮುರೀತಾನ, ಅವುನ್ ತಾವ್ ಕೊಂಡ್ಕಳೋನೂ ಮುರೀತಾನ. ನೀವು ಮುರ್ದೇ ತಂದ್ಬುಟ್ಟಿದ್ದೀರಿ."

"ವರದಿಯಲ್ಲಿ ಎಲ್ಲಾ ಇದೆಯಲ್ಲ ಸ್ವಾಮಿ?" ಎಂದೆ.

"ಇದು ಒಂದು ಚೀಲದ ವರ್ದಿ. ಮಿಕ್ಕ ಹತ್ತು ಚೀಲುಕ್ಕ ಯಾರು ಯೋಳೋರು? ಕಾರ್ಖಾನೇಲಿ ಬಣ್ಣ ಇಳ್ಸ್ಕಂಡು ಬಿಸಾಕಿರೋ ಚೂರ ಬೆರ್ಸಿದ್ದೀರಿ ಅಂತ ಈರೋಡ್ನವ್ರು ಅಂದ್ರ, ಇಲ್ಲ ಅಂತ ಹೆಂಗ್ ತೋರ್ಸ್ಲಿ? ನಿಮ್ ಕಾಗ್ದ ಚೀಲದ ಜೊತೆ ಓಗಕಿಲ್ವಲ್ಲಾ ಮೇಡಂ."

ಇಪ್ಪತ್ತೊಂಬತ್ತು ವರ್ಷ ಕಲಿಸಿದ ನಾನು ವರದಿಯನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡೆ. ಬ್ಲೇಡಿನ ಕೋನ ನೋಡಿದ್ದೆ, ಬಿಲ್ಲೆಯ ದಪ್ಪ ನೋಡಿದ್ದೆ, ತೇವಾಂಶ ನೋಡಿದ್ದೆ. ಅರಿಶಿನ ಕೊಳ್ಳುವವನು ಅದನ್ನು ಕೈಗೆತ್ತಿಕೊಂಡು ಏನು ಮಾಡುತ್ತಾನೆ ಎಂದು ಒಂದು ದಿನವೂ ಕೇಳಿರಲಿಲ್ಲ. ಸಿದ್ದರಾಜು ಚಿಕ್ಕಂದಿನಿಂದ ಈ ಸದ್ದು ಕೇಳಿ ಬೆಳೆದವನು. ಅವನಿಗಾದರೂ ಯಾಕೆ ಹೊಳೆಯಲಿಲ್ಲ ಎಂದರೆ, ಮೇಡಂ ಹೇಳಿದ್ದರಲ್ಲ.

ನಂಜಪ್ಪನವರು ಅಷ್ಟಕ್ಕೇ ಕೈ ಬಿಡಲಿಲ್ಲ. ಕೇರಳದ ಒಂದು ಮಸಾಲೆ ಎಣ್ಣೆ ಕಂಪನಿಗೆ ಮಾಲು ಹಿಡಿಯುವ ಮಲಯಾಳಿ ಏಜೆಂಟನಿಗೆ ನಮ್ಮ ಮುಂದೆಯೇ ಫೋನು ಮಾಡಿ ಸ್ಪೀಕರಿಗೆ ಹಾಕಿದರು. ಅವರ ಕಾರ್ಖಾನೆಯಲ್ಲಿ ಹೇಗೂ ಪುಡಿ ಮಾಡುವುದೇ, ಸದ್ದು ಬೇಡ.

"ಬಿಲ್ಲೆ ಓಕೆ ಚೇಟ್ಟಾ" ಎಂದಿತು ಆ ಕಡೆಯ ದನಿ. "ವಾರಕ್ಕೆ ಒಂದು ಲೋಡ್ ಬೇಕು, ವರ್ಷ ಫುಲ್ ಕೊಡಬೇಕು. ಹನ್ನೊಂದು ಚೀಲಕ್ಕೆ ಕಂಪನಿ ಗೇಟ್ ತೆಗೆಯಲ್ಲ."

ವಾರಕ್ಕೆ ಒಂದು ಲಾರಿ ಆಗಬೇಕಾದರೆ ಇಂಥ ಐದಾರು ಯಂತ್ರ ಬೇಕು. ಯಂತ್ರಕ್ಕೆ ಸಾಲ ಬೇಕು. ಸಾಲಕ್ಕೆ ಕೊಳ್ಳುವವರ ಪತ್ರ ಬೇಕು. ಸಿದ್ದರಾಜು ಮಜ್ಜಿಗೆಯ ಲೋಟವನ್ನು ತಿರುಗಿಸುತ್ತಾ ಕುಳಿತಿದ್ದ. ನಾವೇ ಪುಡಿ ಮಾಡಿಸಿ ಮಾರಿದರೆ ಎಂದು ನಾನು ಕೇಳಿದೆ. ಊರಿನ ಮಿಲ್ಲಿನವರು ಅರಿಶಿನ ಹಾಕಲು ಬಿಡುವುದಿಲ್ಲ, ಮುಂದೆ ಬರುವವರ ಹಿಟ್ಟೆಲ್ಲ ಹಳದಿಯಾಗುತ್ತದೆ ಎಂದ.

"ಚೂರು ಅಂತ ಬೇಕಾದ್ರ ಆಕ್ಕತೀನಿ ಕಣ್ಲಾ" ಎಂದರು ನಂಜಪ್ಪನವರು ಕೊನೆಗೆ. ಬೇಯಿಸುವಾಗ, ಉಜ್ಜುವಾಗ ಮುರಿದು ಉಳಿದದ್ದಕ್ಕೆ ಚೂರು ಎನ್ನುತ್ತಾರೆ. ಕೊಂಬಿನ ದರದ ಅರ್ಧವೂ ಅದಕ್ಕಿಲ್ಲ. "ಅದೂ ನಿಮ್ಮಪ್ಪನ ಮೊಕ ನೋಡ್ಕಂಡು. ಬೇಜಾರ್ ಮಾಡ್ಕಬ್ಯಾಡ."

ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಬೀದಿಗೆ ಬಂದು ಅವರನ್ನು ಬೈದು ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಬಾಗಿಲವರೆಗೂ ಬಂದು, ಬಿಸಿಲು ಜಾಸ್ತಿ ಅದ, ತಲೆ ಮ್ಯಾಲ ಸೆರಗ ಹಾಕ್ಕಳಿ ಎಂದು ಹೇಳಿ ಕಳಿಸಿದರು.

ನಾನು ಅಲ್ಲಿಂದಲೇ ಮೈಸೂರಿನ ಬಸ್ಸು ಹತ್ತಬಹುದಿತ್ತು. ಸಿದ್ದರಾಜುವೂ ಅದನ್ನೇ ಹೇಳಿದ. "ಅತ್ತೆಗ ನಾನ್ ಯೋಳ್ಕತೀನಿ ಮೇಡಂ, ನೀವ್ ಓಗಿ." ಒಬ್ಬನನ್ನೇ ಕಳಿಸಲು ಮನಸ್ಸಾಗಲಿಲ್ಲ. ಊಟಿ ರಸ್ತೆಯಲ್ಲಿ ಹಂಗಳದವರೆಗೆ ಬಸ್ಸು, ಅಲ್ಲಿಂದ ಒಳಗೆ ಆಟೋ, ನೂರೈವತ್ತು ರೂಪಾಯಿ. ಎದುರಿಗೆ ಗೋಪಾಲಸ್ವಾಮಿ ಬೆಟ್ಟ. ಬೆಟ್ಟಕ್ಕೆ ಹೋಗುವ ಪ್ರವಾಸಿಗರ ಕಾರುಗಳು ನಮ್ಮ ಆಟೋವನ್ನು ಧೂಳಿನಲ್ಲಿ ಮುಳುಗಿಸಿ ಮುಂದೆ ಹೋದವು. ಕಾಡು ಎಲೆ ಉದುರಿಸಿಕೊಂಡು ಬೂದಿಯ ಬಣ್ಣಕ್ಕೆ ತಿರುಗಿತ್ತು. ಅಂಚಿನಲ್ಲಿ ಬೆಂಕಿ ಹರಡದಂತೆ ಹುಲ್ಲು ಸುಟ್ಟು ಕಪ್ಪು ಪಟ್ಟೆ ಮಾಡಿದ್ದರು. ಗೌರಮ್ಮನ ಮಗ, ಸೊಸೆ ಇಬ್ಬರೂ ಆ ಕೆಲಸಕ್ಕೇ ಹೋಗಿದ್ದರು.

ಗೌರಮ್ಮ ಗಟ್ಟಿ ಹೆಂಗಸು, ಅರವತ್ತರ ಆಸುಪಾಸು. ಜಗಲಿಯ ಮೇಲೆ ಹತ್ತು ಚೀಲಗಳನ್ನು ಗೋಡೆಗೆ ಒರಗಿಸಿ, ಇಲಿ ಬಾರದ ಹಾಗೆ ಸುತ್ತ ಮುಳ್ಳು ಇಟ್ಟಿದ್ದಳು. ನನ್ನನ್ನು ಕಂಡ ಕೂಡಲೇ ಚಾಪೆ ಹಾಸಿದಳು.

"ಕುಂತ್ಕಳಿ ಮೇಡಮ್ನೋರೆ. ಈ ಕಾಡಂಚ್ನಲ್ಲಿ ಅರಿಸಿನ ಒಂದೇ ಕಣವ್ವಾ ನಮ್ಗ ಗತಿ. ಮಿಕ್ಕಿದ್ದೆಲ್ಲಾ ಅಂದಿ, ಆನೆ ಪಾಲು. ಇದ್ನ ಮಾತ್ರ ಮುಟ್ಟಕಿಲ್ಲ."

ಜನವರಿಯಲ್ಲಿ ಅವಳ ಬಾವಿಯ ಪಂಪಿನ ಮೋಟಾರು ಸುಟ್ಟುಹೋಗಿತ್ತು. ಈ ಬೆಳೆ ಮಾರಿ ಹೊಸ ಮೋಟಾರು ಹಾಕಿಸಿ, ಮೇ ತಿಂಗಳಲ್ಲಿ ಮತ್ತೆ ಅರಿಶಿನ ನೆಡುವುದು ಅವಳ ಲೆಕ್ಕ. ನೀರು ತಂದುಕೊಟ್ಟು, "ಎಷ್ಟುಕ್ಕ ಓಯ್ತ್ಲಾ ಸಿದ್ದಾ?" ಎಂದು ಕೇಳಿದಳು.

ಸಿದ್ದರಾಜು ನಿಂತೇ ಇದ್ದ. "ಕೊಂಡ್ಕಳಕಿಲ್ಲ ಅಂದ್ರು ಅತ್ತೆ. ಚೂರ್ನ ಲೆಕ್ಕುಕ್ಕ ಬೇಕಾದ್ರ ಆಕ್ಕತಾರಂತ."

ಅವಳು ಎದ್ದು ಹೋಗಿ ಒಂದು ಚೀಲದ ಬಾಯಿಗೆ ಕೈ ಹಾಕಿ, ಒಂದು ಹಿಡಿ ಬಿಲ್ಲೆ ತೆಗೆದು ನೋಡಿ, ಮತ್ತೆ ಒಳಗೆ ಹಾಕಿದಳು.

"ಯಾರ್ಲಾ ನಿಂಗ ಇಂಗ ಕುಯ್ಯಿ ಅಂತ ಯೋಳ್ಕೊಟ್ಟೋರು?"

ನನ್ನ ಕೈಯಲ್ಲಿ ನೀರಿನ ಲೋಟ ಇತ್ತು. ನಾನು ಅದನ್ನೇ ನೋಡಿದೆ.

"ಯಾರೂ ಇಲ್ಲ ಅತ್ತೆ. ನಂದೇ ತಲೆ" ಎಂದ ಸಿದ್ದರಾಜು.

"ನಿನ್ ತಲೆಗಿಷ್ಟು ಮಣ್ಣಾಕ. ಊರೋರೆಲ್ಲಾ ಬೇಯ್ಸುದ್ರು, ಮಾರ್ಕಂಡ್ರು. ನಾನೊಬ್ಳು ನಿನ್ ಮಾತ್ ಕೇಳ್ಕಂಡು ಕುಂತ್ಬುಟ್ಟೆ." ಆಮೇಲೆ ನನ್ನ ಕಡೆ ತಿರುಗಿದಳು. ನನ್ನ ಮುಂದೆ ದನಿ ತಗ್ಗಿಸಿದಳು. "ನೀವು ಓದ್ಕಂಡಿರೋರು ಮೇಡಮ್ನೋರೆ. ಬ್ಯಾಡ ಕಣ್ಲಾ ಅಂತ ಇವುನ್ಗ ಒಂದ್ ಮಾತ ಯೋಳ್ಬಾರ್ದಾಗಿತ್ತಾ?"

"ಹೇಳಬೇಕಿತ್ತಮ್ಮ" ಎಂದೆ. ಬಾಯಿಂದ ಬಂದದ್ದು ಅಷ್ಟೇ.

"ಓಗ್ಲಿ, ಒಂದ್ ಮಾತ ಕೇಳ್ತೀನಿ, ನಗ್ಬ್ಯಾಡಿ. ಇದ್ನ ತಿರ್ಗಾ ಇಡೀ ಕೊಂಬು ಮಾಡಕ ಏನಾರ ಮಿಷನ್ನು ಅದಾ?"

ಯಾರೂ ನಗಲಿಲ್ಲ. ಇಲ್ಲಮ್ಮ, ಹಾಗೆ ಆಗುವುದಿಲ್ಲ ಎಂದೆ. ಅವಳು ತಲೆಯಾಡಿಸಿದಳು. ಗೊತ್ತಿದ್ದೂ ಕೇಳಿದ್ದಳು ಅನ್ನಿಸುತ್ತದೆ. ಸಿದ್ದರಾಜು ಜಗಲಿಯಿಂದ ಇಳಿದು, "ಮಿಷನ್ ಮೋಟ್ರ ಬಿಚ್ಕಂಡ್ ಬಂದು ನಿನ್ ಬಾವಿ ಪಂಪ್‌ಗ ಕೂರುಸ್ತೀನಿ ಅತ್ತೆ. ಅದೂ ಮೂರ್ ಎಚ್‌ಪೀನೆ. ಭಾನ್ವಾರ ಬತ್ತೀನಿ" ಎಂದ. ಮೋಟಾರು ತೆಗೆದರೆ ಆ ಯಂತ್ರದಲ್ಲಿ ಉಳಿಯುವುದು ಬರೀ ಕಬ್ಬಿಣ. ಗೌರಮ್ಮ ನಮಗೆ ಅನ್ನ, ಹುರುಳಿ ಸಾರು ಬಡಿಸಿದಳು. ಬಡಿಸುವಾಗ ಸಿದ್ದರಾಜುವಿನ ತಟ್ಟೆಗೇ ಮೊದಲು ಹಾಕಿದಳು.

ವಾಪಸು ಗುಂಡ್ಲುಪೇಟೆಗೆ ಬಂದಾಗ ನಾಲ್ಕೂವರೆ. ಮೈಸೂರಿನ ಬಸ್ಸು ಹೊರಡಲು ಹತ್ತು ನಿಮಿಷವಿತ್ತು. ಸಿದ್ದರಾಜು ಕಿಟಕಿಯ ಕೆಳಗೆ ನಿಂತು ತೆರಕಣಾಂಬಿಯ ಒಂದು ಶಾಲೆಗೆ ಕಾಂಪೌಂಡ್ ಗೇಟು ಒಪ್ಪಿಕೊಂಡಿರುವುದನ್ನು ಹೇಳುತ್ತಿದ್ದ. ಹದಿನಾಲ್ಕು ಅಡಿ ಅಗಲ, ಎರಡು ಬಾಗಿಲು. ಅವನ ಮಾತಿನಲ್ಲಿ ನನ್ನ ಮೇಲೆ ಒಂದು ಎಳೆಯಷ್ಟೂ ಕೋಪ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಯಾಕಯ್ಯ ನಿನ್ನದೇ ತಲೆ ಅಂದೆ?" ಎಂದು ಕೇಳಿಯೇಬಿಟ್ಟೆ.

"ನಾನ್ ಬೈಸ್ಕಂಡ್ರ ಏನಾಯ್ತದ ಮೇಡಂ, ಅವ್ಳು ನಮ್ಮತ್ತೆ. ನಿಮ್ಮುನ್ನ ಅವ್ಳು ಅನ್ನದ ನಾನ್ ಕೇಳ್ಕಂಡ್ ನಿಂತ್ಕಳಕಾದದಾ?"

ಬಸ್ಸು ಹೊರಟಿತು. ಹಿಂತಿರುಗಿ ನೋಡಿದೆ. ಅವನು ಅತ್ತೆಯ ಜಗಲಿಯಲ್ಲಿ ಇಳಿಸಲಾರದೆ ವಾಪಸು ತಂದ ಚೀಲವನ್ನು ಹೆಗಲ ಮೇಲೆ ಹೊತ್ತು ರಸ್ತೆ ದಾಟುತ್ತಿದ್ದ. ಬೇಗೂರು ಬರುವವರೆಗೂ ಇಳಿದುಬಿಡಬೇಕು, ಆಟೋ ಹಿಡಿದು ಆ ಜಗಲಿಗೆ ಹೋಗಿ, ತಲೆ ನಂದು ಗೌರಮ್ಮ, ಅವನದಲ್ಲ ಎಂದು ಹೇಳಿಬಿಡಬೇಕು ಎಂದುಕೊಂಡೆ. ಬೇಗೂರು ಬಂತು, ಇಳಿಯುವವರು ಇಳಿದರು. ನಾನು ಕುಳಿತೇ ಇದ್ದೆ. ನಂಜನಗೂಡು ಬಂತು. ಆರೂವರೆಗೆ ಮೈಸೂರು.

ಆಗ ಹೇಳದ್ದನ್ನು ಈಗ ಇಷ್ಟುದ್ದ ಬರೆದಿದ್ದೇನೆ. ಗೌರಮ್ಮನಿಗೆ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆಯೇ ಬರೆದದ್ದು.